ದೀಪ ಹಿಡಿದವರು ಹಾಕಿದ ಲೆಕ್ಕ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ತಮಗೆ ಕೈಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರ ನೆನಪಾಗುತ್ತದೆ, ಅಲ್ಲವೇ? 1820ರಲ್ಲಿ ಜನಿಸಿದ ಈ ಆಂಗ್ಲ ಮಹಿಳೆ 1853ರಲ್ಲಿ ಲಂಡನ್ನಿನ ಪುಟ್ಟ ಆಸ್ಪತ್ರೆಯೊಂದರ ಮೇಲ್ವಿಚಾರಣೆ ವಹಿಸಿಕೊಂಡರು. ಆಗ ಅವರು ಕೇಳಿದ್ದೇನು ಗೊತ್ತೇ? ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ, ಊಟವನ್ನು ಮೇಲೇರಿಸುವ ಯಂತ್ರ, ಯಾವ ರೋಗಿ ಕರೆದರೆಂದು ದಾದಿಗೆ ತೋರಿಸಿಕೊಡುವ ಗಂಟೆ. ದಾದಿ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದರೆ ರೋಗಿಯ ಬಳಿ ಇರುವುದು ಯಾವಾಗ?

ಮರುವರ್ಷ ಕ್ರಿಮಿಯಾ ಯುದ್ಧದ ಸೈನಿಕರಿದ್ದ ಸ್ಕುಟಾರಿಯ ಆಸ್ಪತ್ರೆಗೆ 38 ದಾದಿಯರೊಂದಿಗೆ ಹೋದರು. ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಸಿತು, ಗಾಳಿಯಾಡಲು ದಾರಿ ಮಾಡಿಸಿತು. ಸಾವು ಇಳಿಯಿತು. ಊರಿಗೆ ಮರಳಿದ ಮೇಲೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರೊಡನೆ ಕುಳಿತು ಲೆಕ್ಕ ಹಾಕಿದರು. ಗಾಯಕ್ಕಿಂತ ರೋಗವೇ ಹೆಚ್ಚು ಜನರನ್ನು ಕೊಂದಿತ್ತು. ಅದಕ್ಕೆ ಆಸ್ಪತ್ರೆಯ ಕೊಳಕು, ದಟ್ಟಣೆಗಳೇ ಕಾರಣವಾಗಿದ್ದವು. ತಾವಿದ್ದ ಆಸ್ಪತ್ರೆಯ ಈ ಲೆಕ್ಕವನ್ನು ಮುಚ್ಚಿಡದೆ, ಚಿತ್ರ ಬಿಡಿಸಿ ಆಳುವವರ ಮುಂದಿಟ್ಟರು. ದೀಪಕ್ಕಿಂತ ಇದೇ ದೊಡ್ಡದೆಂದು ನನ್ನ ಅನಿಸಿಕೆ.

ಮುಂದೆ ಆಸ್ಪತ್ರೆ ಕಟ್ಟುವ ಬಗೆಯನ್ನು ಕುರಿತೇ ಪುಸ್ತಕ ಬರೆದರು: ಹಾಸಿಗೆಗಳ ಅಂತರ, ಎದುರುಬದುರು ಕಿಟಕಿ, ಎಲ್ಲರೂ ದಾದಿಯ ಕಣ್ಣಳತೆಯಲ್ಲಿರುವ ವಾರ್ಡು. 1910ರಲ್ಲಿ ನಿಧನರಾದರು.

ಅವರ ಜನ್ಮದಿನವಾದ ಮೇ 12 ದಾದಿಯರ ದಿನ. ಅದಕ್ಕೆ ಹತ್ತು ದಿನ ಮೊದಲು, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ಮೈಸೂರಿನ ದಾರಿ ಕಾಯಬೇಕಾಯಿತು. ಮರುದಿನದೊಳಗೆ 24 ರೋಗಿಗಳು ತೀರಿಕೊಂಡರು. ನೈಟಿಂಗೇಲ್ ಅಲ್ಲಿದ್ದಿದ್ದರೆ ಎಷ್ಟು ಸಿಲಿಂಡರು ಉಳಿದಾಗ ಯಾರಿಗೆ ತಿಳಿಸಬೇಕೆಂಬ ನಿಯಮವಿತ್ತು, ಮೈಸೂರಿನಿಂದ ಲಾರಿ ಬರಲು ಎಷ್ಟು ಹೊತ್ತು ಬೇಕು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು.