ಎಲೆಯ ಬಣ್ಣ ಬೇರೆ ಮಾಡಿದ ಮಿಖಾಯಿಲ್ ತ್ಸ್ವೆತ್

ಗೆಳೆಯರೇ, ಎಲೆಯಲ್ಲಿ ಎಷ್ಟು ಬಣ್ಣ ಇದೆ? ಹಸಿರು ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ ಅಂತ ತೋರಿಸಿದವರು ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಅಂದರೆ ಬಣ್ಣ ಅಂತಲೇ ಅರ್ಥ!

ಇವರು 1872ನೇ ಇಸವಿ ಮೇ 14ರಂದು ಇಟಲಿಯ ಆಸ್ತಿ ಎಂಬ ಊರಿನಲ್ಲಿ ಜನಿಸಿದರು. ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆದು, 1896ರಲ್ಲಿ ಜಿನೀವಾದಲ್ಲಿ ಡಾಕ್ಟರ್ ಪದವಿ ಪಡೆದು ರಷ್ಯಾಕ್ಕೆ ಹೋದರೆ ಅಲ್ಲಿ ಆ ಪದವಿ ನಡೆಯೋದಿಲ್ಲ ಅಂದುಬಿಟ್ಟರು. ಪಾಪ, 1901ರಲ್ಲಿ ಕಜಾನಿನಲ್ಲಿ ಮತ್ತೊಂದು ಪದವಿ ತೆಗೆದುಕೊಳ್ಳಬೇಕಾಯಿತು.

ಆಮೇಲೆ ವಾರ್ಸಾ ನಗರದಲ್ಲಿ ಕೆಲಸ. ಅಲ್ಲಿ ಗಾಜಿನ ಕೊಳವೆಗೆ ಸುಣ್ಣಕಲ್ಲಿನಂಥ ಬಿಳಿ ಪುಡಿ ಒತ್ತಿ ತುಂಬಿ, ಮೇಲಿಂದ ಎಲೆಯ ರಸ ಹಾಕಿ, ಅದರ ಮೇಲೆ ಇನ್ನೊಂದು ದ್ರವ ಬಿಟ್ಟರು. ಪುಡಿಗೆ ಜಾಸ್ತಿ ಅಂಟುವ ಬಣ್ಣ ಮೇಲೇ ನಿಂತಿತು, ಕಡಿಮೆ ಅಂಟುವುದು ಕೆಳಗಿಳಿಯಿತು. ಹಳದಿ ಹಸಿರು, ನೀಲಿ ಹಸಿರು, ಹಳದಿ ಹೀಗೆ ಪಟ್ಟೆ ಪಟ್ಟೆ! 1906ರಲ್ಲಿ ಇದಕ್ಕೆ ಕ್ರೊಮಟೋಗ್ರಫಿ ಅಂತ ಹೆಸರಿಟ್ಟರು.

ಆದರೆ ಜರ್ಮನಿಯ ದೊಡ್ಡ ವಿಜ್ಞಾನಿ ವಿಲ್‌ಸ್ಟೇಟರ್ ಇದನ್ನು ಒಪ್ಪಲಿಲ್ಲ. ಪುಡಿಯಲ್ಲಿ ಎಲೆಯ ಹಸಿರು ಕೆಡುತ್ತದೆ ಅಂದರು. ದೊಡ್ಡವರು ಬೇಡ ಅಂದಮೇಲೆ ಉಳಿದವರು ಯಾಕೆ ಮಾಡುತ್ತಾರೆ? ಎಲೆಯ ಬಣ್ಣದ ಸಂಶೋಧನೆಗೆ 1915ರಲ್ಲಿ ನೊಬೆಲ್ ಬಂದದ್ದೂ ವಿಲ್‌ಸ್ಟೇಟರ್ ಅವರಿಗೇ. ಅದೇ ವರ್ಷ ಯುದ್ಧದಿಂದಾಗಿ ತ್ಸ್ವೆತ್ ವಾರ್ಸಾ ಬಿಟ್ಟು ಊರೂರು ಅಲೆಯಬೇಕಾಯಿತು. ಆರೋಗ್ಯವೂ ಕೆಟ್ಟಿತು. 1919ರ ಜೂನ್ 26ರಂದು ವೊರೊನೆಷ್ ನಗರದಲ್ಲಿ ತೀರಿಕೊಂಡರು. ಆಗ ಬರೀ 47 ವರ್ಷ.

1931ರಲ್ಲಿ ಜರ್ಮನಿಯಲ್ಲೇ ಕುಹ್ನ್ ಮತ್ತು ಲೆಡರರ್ ಎಂಬುವರು ಇದೇ ಕೊಳವೆಯಿಂದ ಕ್ಯಾರೆಟ್ಟಿನ ಬಣ್ಣವನ್ನು ಬೇರೆ ಮಾಡಿದರು. ಆಮೇಲೆ ಎಲ್ಲರೂ ನಂಬಿದರು!

ಬೇರೆ ಮಾಡಿದರೆ ಏನು ಲಾಭ ಅಂತೀರಾ? ರಾಗಿ, ಅಕ್ಕಿ ಬೆರೆತಿದ್ದರೆ ಅಕ್ಕಿ ಎಷ್ಟು ಅಂತ ತೂಗೋದು ಹೇಗೆ? ಈಗ ಕ್ರೊಮಟೋಗ್ರಫಿ ಯಂತ್ರಗಳಿವೆ. ಬೇರೆಯಾದ ಒಂದೊಂದು ವಸ್ತುವಿಗೂ ಯಂತ್ರ ಒಂದೊಂದು ಗುಡ್ಡದ ಚಿತ್ರ ಬರೆಯುತ್ತದೆ. ವಸ್ತು ಜಾಸ್ತಿ ಇದ್ದರೆ ಗುಡ್ಡ ದೊಡ್ಡದು. ಆದರೆ ಎಷ್ಟು ಜಾಸ್ತಿ ಅಂತ ಗುಡ್ಡ ತಾನಾಗಿ ಹೇಳೋದಿಲ್ಲ. ಅದಕ್ಕೆ ಮೊದಲು 1, 2, 3, 4, 5 ಮಿಲಿಗ್ರಾಂ ಹೀಗೆ ಗೊತ್ತಿರುವ ಅಳತೆ ಹಾಕಿ ಗ್ರಾಫ್ ಎಳೆಯುತ್ತಾರೆ. ಆಮೇಲೆ ಗೊತ್ತಿಲ್ಲದ್ದನ್ನು ಹಾಕಿ ಗ್ರಾಫಿನಲ್ಲಿ ನೋಡುತ್ತಾರೆ. ಅದರ ಉತ್ತರ 1 ಮತ್ತು 5ರ ನಡುವೆ ಬೀಳುವಂತೆ ಮೊದಲೇ ಯೋಚಿಸಿರಬೇಕು. 20 ಬಂದರೆ ಆ ಗ್ರಾಫನ್ನು ನಂಬುವ ಹಾಗಿಲ್ಲ.

ನಾನು ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟ ಕಾಗದದ ತುದಿಯನ್ನು ನೀರಿಗೆ ಅದ್ದಿದೆ. ಕಪ್ಪಿನಿಂದ ನೀಲಿ, ಗುಲಾಬಿ, ಹಳದಿ ಬಂತು! ಆ ಕಾಗದ ಈ ಬರಹದ ಕೆಳಗೇ ಅಂಟಿಸಿದ್ದೇನೆ, ದಯವಿಟ್ಟು ಯಾರೂ ಕೀಳಬೇಡಿ.