ಬೆನ್ನಿಗೆ ಕಂಬಿ ಕೂರಿಸಿದ ಹ್ಯಾರಿಂಗ್ಟನ್

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಗೆಳೆಯರಿಗೆ ಇದು ಹೊಸದಲ್ಲ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ವಯಸ್ಸಾದವರು ಕಾಲು ಜೋಮು ಹಿಡೀತು ಅಂತ ಕೂತುಬಿಡ್ತಾರೆ. ಮುಂದಕ್ಕೆ ಬಾಗಿ ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತೆ, ಎದ್ದು ನಡೆದರೆ ಮತ್ತೆ ಅದೇ ಕಥೆ. ಸೊಂಟದ ಭಾಗದಲ್ಲಿ ಬೆನ್ನುಮೂಳೆಯೊಳಗಿನ ನಾಳ ಕಿರಿದಾಗಿ ನರ ಒತ್ತಿಕೊಂಡರೆ ಹೀಗಾಗಬಹುದು. ಎಂಆರ್‌ಐ ಆದಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ರಾಡು, ಸ್ಕ್ರೂ ಹಾಕಿಸಲೇಬೇಕಾ? ಉತ್ತರ ಬೇಕಿದ್ದರೆ, ಬೆನ್ನಿಗೆ ಉಕ್ಕಿನ ಕಂಬಿ ಕೂರಿಸೋದನ್ನು ರೂಢಿಗೆ ತಂದ ಅಮೆರಿಕದ ಡಾ. ಪಾಲ್ ಹ್ಯಾರಿಂಗ್ಟನ್ ಅವರ ಕಥೆ ತಿಳಿಯಬೇಕು.

ಹ್ಯಾರಿಂಗ್ಟನ್ ಹುಟ್ಟಿದ್ದು 1911ರಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ. ಕಾಲೇಜಿನಲ್ಲಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಶಸ್ತ್ರವೈದ್ಯರಾಗಿದ್ದು, ಆಮೇಲೆ ಹ್ಯೂಸ್ಟನ್‌ಗೆ ಬಂದರು. ಆಗ ಅಲ್ಲಿ ಪೋಲಿಯೋ ಹಾವಳಿ. ಎಷ್ಟೋ ಮಕ್ಕಳ ಬೆನ್ನು ಪಕ್ಕಕ್ಕೆ ಡೊಂಕಾಗಿತ್ತು. ಮೈಗೆ ಪ್ಲಾಸ್ಟರ್ ಕವಚ ಹಾಕೋಣ ಅಂದರೆ, ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಅದನ್ನು ತಡೆಯುತ್ತಿರಲಿಲ್ಲ. ಹೊರಗಿಂದ ಕೊಡಲಾಗದ ಆಸರೆಯನ್ನು ಅವರು ಒಳಗಿಂದ ಕೊಡಲು ಹೊರಟರು.

ಡೊಂಕಿನ ಮೇಲೊಂದು ಕೆಳಗೊಂದು ಕೊಕ್ಕೆ, ನಡುವೆ ಸ್ಟೇನ್‌ಲೆಸ್ ಸ್ಟೀಲ್ ಕಂಬಿ. ಕಂಬಿಯ ಒಂದು ತುದಿಯಲ್ಲಿ ರ‍್ಯಾಚೆಟ್ ಹಲ್ಲುಗಳು. ಜಾಕಿ ಎತ್ತಿದ ಹಾಗೆ ಒಂದೊಂದೇ ಹಲ್ಲು ಸರಿಸಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಆದರೆ ಮಕ್ಕಳು ಓಡಾಡತೊಡಗಿದ ಮೇಲೆ ಕೊಕ್ಕೆಗಳು ಜಾರಿದವು, ಕಂಬಿಗಳು ಮುರಿದವು. ಹೆಚ್ಚಾಗಿ ಮುರಿಯುತ್ತಿದ್ದದ್ದು ಹಲ್ಲುಗಳು ಶುರುವಾಗುವ ಜಾಗದಲ್ಲಿ. ಸ್ಟ್ರೆಸ್ ಕಾನ್ಸಂಟ್ರೇಷನ್, ಫಟೀಗ್ ಓದಿದವರಿಗೆ ಕಾರಣ ಹೇಳಬೇಕಿಲ್ಲ.

ಕಂಬಿ ದಪ್ಪ ಮಾಡಿದರೆ ಮುಗಿಯುವ ಸಮಸ್ಯೆ ಇದಲ್ಲ. ಪದೇ ಪದೇ ಬಾಗುವ ಲೋಹ ಇವತ್ತಲ್ಲ ನಾಳೆ ದಣಿಯುತ್ತೆ. ಹಾಗಾಗಿ ಅವರು ಕಂಬಿಯ ಜೊತೆಗೆ ಮೂಳೆಯ ಚೂರುಗಳನ್ನಿಟ್ಟು ಕಶೇರುಗಳನ್ನು ಬೆಸೆಯತೊಡಗಿದರು. ಮೂಳೆ ಕೂಡಿಕೊಳ್ಳುವವರೆಗೆ ಹಿಡಿದಿಡೋದಷ್ಟೇ ಕಂಬಿಯ ಕೆಲಸ. 1962ರಲ್ಲಿ 129 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಜಗತ್ತು ಅದನ್ನು ಒಪ್ಪಿಕೊಂಡಿತು.

ಅದಕ್ಕೂ ಬೆಲೆ ತೆರಬೇಕಾಯಿತು. ಸೊಂಟದ ಕೆಳಭಾಗದವರೆಗೆ ಕಂಬಿ ಹಾಕಿಸಿಕೊಂಡ ಕೆಲವರಿಗೆ ಅಲ್ಲಿನ ಸಹಜ ಬಾಗು ಚಪ್ಪಟೆಯಾಗಿ, ವರ್ಷಗಳ ಮೇಲೆ ನೆಟ್ಟಗೆ ನಿಲ್ಲೋದೇ ಕಷ್ಟವಾಯಿತು. ಹ್ಯಾರಿಂಗ್ಟನ್ 1980ರಲ್ಲಿ ತೀರಿಕೊಂಡರು. ಫ್ರಾನ್ಸಿನ ರಾಯ್-ಕಮೀಲ್ 1963ರಲ್ಲೇ ಬಳಸತೊಡಗಿದ್ದ ಪೆಡಿಕಲ್ ಸ್ಕ್ರೂ ಮುಂದೆ ಎಲ್ಲೆಡೆ ಹಬ್ಬಿತು. ಅದು ಕಶೇರುವನ್ನೇ ಹಿಡಿಯುವುದರಿಂದ ಸೊಂಟದ ಬಾಗನ್ನು ಉಳಿಸಿಕೊಳ್ಳಬಹುದು.

ಈಗ ಮನೆಯ ಪ್ರಶ್ನೆಗೆ ಬರೋಣ. ನಾಳ ಕಿರಿದಾಗಿದ್ದು ಮೂಳೆಗಳು ಅಲುಗದೆ ನಿಂತಿದ್ದರೆ, ನರ ಒತ್ತುವ ಭಾಗವನ್ನಷ್ಟೇ ತೆಗೆದರೆ ಸಾಮಾನ್ಯವಾಗಿ ಸಾಕು. ಕಶೇರು ಜಾರಿ ಅಲುಗಾಡುತ್ತಿದ್ದರೆ ಸ್ಕ್ರೂ, ರಾಡು, ಬೆಸುಗೆಯ ಮಾತು ಬರುತ್ತೆ. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಬೆಸುಗೆ ಸೇರಿಸಿದವರಿಗೆ ಎರಡು ವರ್ಷದ ನಂತರ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದ್ದರಿಂದ ಡಾಕ್ಟರ ಹತ್ತಿರ ಅಜ್ಜಿಯ ಜೊತೆ ಹೋದಾಗ ಇಷ್ಟು ಕೇಳಿ: ಮೂಳೆ ಜಾರಿದೆಯಾ? ಅಲುಗುತ್ತಾ? ಒತ್ತಡ ಮಾತ್ರ ತೆಗೆದರೆ ಸಾಲದಾ? ಕಾಲಿನ ಶಕ್ತಿ ಕುಗ್ಗುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಮಾತ್ರ ತಡ ಮಾಡದೆ ಅವತ್ತೇ ಕರೆದುಕೊಂಡು ಹೋಗಿ.