ಅಕ್ಷರಕ್ಕೆ ಅಂಜಿದ ಮಕ್ಕಳ ಆಪ್ತಬಂಧು: ಡಾ. ಸ್ಯಾಮ್ಯುಯೆಲ್ ಆರ್ಟನ್

ಅನ್ನದಾನವು ಒಂದು ಹೊತ್ತಿನ ಹಸಿವನ್ನು ಹಿಂಗಿಸಿದರೆ ವಿದ್ಯಾದಾನವು ಬಾಳಿನ ಹಸಿವನ್ನೇ ಹಿಂಗಿಸುವುದೆಂಬುದು ನಮ್ಮ ಹಿರಿಯರ ನಂಬುಗೆ. ನಾಡಿನ ಮಠಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದಿರುವುದೂ ಈ ನಂಬುಗೆಯ ಬಲದಿಂದಲೇ. ಆದರೆ ಪಂಕ್ತಿಯಲ್ಲಿ ಕುಳಿತಿದ್ದರೂ ಎಲೆಗೆ ಬಡಿಸಿದ್ದನ್ನು ಉಣ್ಣಲಾರದ ಮಗುವಿನಂತೆ, ತರಗತಿಯಲ್ಲಿ ಕುಳಿತಿದ್ದರೂ ಎದುರಿಗಿಟ್ಟ ಅಕ್ಷರವನ್ನು ಗ್ರಹಿಸಲಾರದ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತಾರೆ. ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಮಾತು ಚುರುಕಾಗಿದೆ. ಓದು ಮಾತ್ರ ಒಲಿಯದು. ಇಂಥವರಿಗೆ ದಡ್ಡ, ಸೋಮಾರಿ ಎಂಬ ಹಣೆಪಟ್ಟಿ ಹಚ್ಚಿ ಸಮಾಜವು ಬಹುಕಾಲ ಸುಮ್ಮನಿತ್ತು. ಆ ಹಣೆಪಟ್ಟಿಯನ್ನು ಪ್ರಶ್ನಿಸಿದವರಲ್ಲಿ ಅಗ್ರಗಣ್ಯರಾದವರು ಅಮೆರಿಕದ ನರರೋಗತಜ್ಞ ಡಾ. ಸ್ಯಾಮ್ಯುಯೆಲ್ ಟೊರಿ ಆರ್ಟನ್.

ಆರ್ಟನ್ನರು 1879ರ ಅಕ್ಟೋಬರ್ 15ರಂದು ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಆರ್ಟನ್ ಹೆಸರಾಂತ ಭೂವಿಜ್ಞಾನಿಗಳು. ಮುಂದೆ ಒಹಾಯೊ ರಾಜ್ಯ ವಿಶ್ವವಿದ್ಯಾಲಯವೆಂದು ಪ್ರಸಿದ್ಧಿ ಪಡೆದ ವಿದ್ಯಾಸಂಸ್ಥೆಯ ಪ್ರಥಮ ಅಧ್ಯಕ್ಷರು. ವಿದ್ಯೆಯೇ ಮನೆತನದ ಸಂಪತ್ತಾಗಿದ್ದ ಕುಟುಂಬದಲ್ಲಿ ಬೆಳೆದ ಬಾಲಕನು ಮುಂದೆ ವಿದ್ಯೆಯ ಬಾಗಿಲು ಮುಚ್ಚಿಹೋದವರ ಪರವಾಗಿ ದುಡಿದುದು ಗಮನಾರ್ಹ ಸಂಗತಿ. 1905ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿಯನ್ನು ಪಡೆದ ಅವರು ಮಾನಸಿಕ ಆಸ್ಪತ್ರೆಗಳಲ್ಲಿ ಮಿದುಳಿನ ರೋಗಲಕ್ಷಣಗಳ ಸೂಕ್ಷ್ಮ ಪರೀಕ್ಷೆಯನ್ನು ತಮ್ಮ ಕಾಯಕವಾಗಿ ಆರಿಸಿಕೊಂಡರು. ಜರ್ಮನಿಗೆ ತೆರಳಿ, ಮರೆವಿನ ರೋಗದಿಂದ ಹೆಸರುವಾಸಿಯಾದ ಆಲ್ಜೈಮರ್ ಅವರಲ್ಲಿಯೂ ಕೆಲಕಾಲ ಅಭ್ಯಾಸ ಮಾಡಿದರು. ಹೀಗೆ ಪ್ರಯೋಗಶಾಲೆಯಲ್ಲಿ ಪಳಗಿದ ವೈದ್ಯರನ್ನು ಶಾಲಾ ಮಕ್ಕಳ ಬಳಿಗೆ ಎಳೆತಂದದ್ದು ಅಯೋವಾ ರಾಜ್ಯ. 1919ರಲ್ಲಿ ಅಲ್ಲಿ ಹೊಸದಾಗಿ ಸ್ಥಾಪಿತವಾಗುತ್ತಿದ್ದ ಮನೋರೋಗ ಚಿಕಿತ್ಸಾಲಯಕ್ಕೆ ಅವರು ಪ್ರಥಮ ನಿರ್ದೇಶಕರಾಗಿ ನಿಯುಕ್ತರಾದರು.

ಓದುಬಾರದ ಬುದ್ಧಿವಂತರ ವಿಷಯವನ್ನು ಅವರಿಗಿಂತ ಮೊದಲು ಯಾರೂ ಅರಿತಿರಲಿಲ್ಲವೆಂದಲ್ಲ. 1896ರಲ್ಲಿಯೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು, ಎಲ್ಲ ವಿಧದಲ್ಲಿ ಚುರುಕಾಗಿದ್ದೂ ಓದಲಾರದ ಹದಿನಾಲ್ಕರ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದರು. ಗ್ಲಾಸ್ಗೋ ನಗರದ ನೇತ್ರವೈದ್ಯ ಜೇಮ್ಸ್ ಹಿನ್ಶೆಲ್‌ವುಡ್ ಅವರು 1917ರಲ್ಲಿ ಈ ಕುರಿತು ಗ್ರಂಥವನ್ನೇ ರಚಿಸಿದ್ದರು. ಆದರೆ ಅವರ ದೃಷ್ಟಿಯಲ್ಲಿ ಇದು ಅತ್ಯಂತ ವಿರಳವಾದ, ಮಿದುಳಿನ ಒಂದು ಭಾಗದ ಜನ್ಮಜಾತ ಊನ. ವೈದ್ಯರ ಈ ಚರ್ಚೆ ಉಪಾಧ್ಯಾಯರ ಮೇಜಿನವರೆಗೆ ಬಂದಿರಲಿಲ್ಲ.

1925ರಲ್ಲಿ ಆರ್ಟನ್ನರು ಒಂದು ಹೊಸ ಪ್ರಯೋಗಕ್ಕೆ ಕೈಹಾಕಿದರು. ರೋಗಿಗಳು ಆಸ್ಪತ್ರೆಗೆ ಬರಲೆಂದು ಕಾಯದೆ, ತಮ್ಮ ಸಹಾಯಕರೊಡನೆ ಗ್ರಾಮಾಂತರ ಪ್ರದೇಶವಾದ ಗ್ರೀನ್ ಕೌಂಟಿಗೆ ತಾವೇ ತೆರಳಿ ಎರಡು ವಾರಗಳ ಸಂಚಾರಿ ಚಿಕಿತ್ಸಾ ಶಿಬಿರವನ್ನು ನಡೆಸಿದರು. ಬುದ್ಧಿಮಾಂದ್ಯರೆಂದು ತೋರುವ, ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಕಳುಹಿಸಿಕೊಡುವಂತೆ ಅಲ್ಲಿನ ಉಪಾಧ್ಯಾಯರನ್ನು ಕೇಳಿಕೊಳ್ಳಲಾಯಿತು. ಹಾಗೆ ಬಂದವರಲ್ಲಿ ಹತ್ತಕ್ಕೂ ಮೀರಿದ ಮಕ್ಕಳ ಮುಖ್ಯ ತೊಂದರೆ ಓದು ಬಾರದಿರುವುದೇ ಆಗಿತ್ತು. ಅವರಲ್ಲೊಬ್ಬ ಹದಿನಾರು ವರ್ಷದ ತರುಣ. ಲೇಖನದಲ್ಲಿ ಆರ್ಟನ್ನರು ಅವನ ಹೆಸರನ್ನು ಮರೆಸಿ ಎಂ. ಪಿ. ಎಂದಷ್ಟೇ ಕರೆದಿದ್ದಾರೆ.

ಇಷ್ಟು ವರ್ಷ ಶಾಲೆಗೆ ಹೋಗಿದ್ದರೂ ಆ ಹುಡುಗನಿಗೆ ಓದು ದಕ್ಕಿರಲಿಲ್ಲ. ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯಲ್ಲಿ ಅವನ ಬುದ್ಧಿಲಬ್ಧವು 71 ಎಂದು ಬಂದಿತು. ಸಾಮಾನ್ಯ ಬುದ್ಧಿಶಕ್ತಿಗೆ 100 ಎಂಬುದು ಆ ಪರೀಕ್ಷೆಯ ಲೆಕ್ಕ. ಬೇರೆ ಯಾರಾದರೂ ಆಗಿದ್ದರೆ ಆ ಅಂಕಿಯನ್ನು ದಾಖಲೆಯಲ್ಲಿ ಬರೆದು, ಹುಡುಗನನ್ನು ಮಂದಮತಿಗಳ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದರೇನೋ. ಆರ್ಟನ್ನರು ಹಾಗೆ ಮಾಡಲಿಲ್ಲ. ಹುಡುಗನೊಡನೆ ಮಾತನಾಡುತ್ತ ಹೋದಂತೆ ಆ ಅಂಕಿ ಅವನಿಗೆ ನ್ಯಾಯ ಸಲ್ಲಿಸುತ್ತಿಲ್ಲವೆಂದು ಅವರ ಅನುಭವಕ್ಕೆ ಬಂದಿತು. ಯಂತ್ರದ ಭಾಗಗಳನ್ನು ಮನಸ್ಸಿನಲ್ಲಿಯೇ ಚಿತ್ರಿಸಿಕೊಂಡು ಹೇಳಬೇಕಾದ ಪ್ರಶ್ನೆಗಳಿಗೆ ಅವನು ಚುರುಕಾಗಿ ಉತ್ತರಿಸಿದನು. ಓದುಬರಹವನ್ನು ಆಧರಿಸಿದ ಅಳತೆಗೋಲಿನಿಂದ ಓದುಬಾರದವನನ್ನು ಅಳೆದರೆ ಸಿಗುವುದು ಅವನ ತೊಂದರೆಯ ಅಳತೆಯೇ ಹೊರತು ಬುದ್ಧಿಯ ಅಳತೆಯಲ್ಲವೆಂಬ ಸತ್ಯ ಅಲ್ಲಿ ಸ್ಪಷ್ಟವಾಯಿತು.

ಆ ಹುಡುಗನಿಗೆ ಇಂಗ್ಲಿಷಿನ ಬಿ ಮತ್ತು ಡಿ, ಪಿ ಮತ್ತು ಕ್ಯೂ ಅಕ್ಷರಗಳು ಒಂದರಂತೆ ಇನ್ನೊಂದು ಕಾಣುತ್ತಿದ್ದವು. ಚಿಕ್ಕ ಪದಗಳನ್ನು ಅವನು ಬಲದಿಂದ ಎಡಕ್ಕೆ ತಿರುಗಿಸಿ ಓದುತ್ತಿದ್ದನು. ಇಂತಹ ಕೆಲವು ಮಕ್ಕಳು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿದ ಬರಹವನ್ನು ಸರಾಗವಾಗಿ ಓದುವುದನ್ನೂ ಆರ್ಟನ್ನರು ಕಂಡರು. ತಿರುಚಿದ ಸಂಕೇತಗಳೆಂಬ ಅರ್ಥದಲ್ಲಿ ಸ್ಟ್ರೆಫೋಸಿಂಬೋಲಿಯಾ ಎಂಬ ಹೊಸ ಹೆಸರನ್ನು ಅವರು ಈ ಸ್ಥಿತಿಗೆ ಇಟ್ಟರು. ಅದೇ ವರ್ಷ ಪ್ರಕಟವಾದ ಅವರ ಲೇಖನ ಹೇಳಿದ ಮುಖ್ಯ ಮಾತು ಇದು: ಈ ತೊಂದರೆ ವಿರಳವಲ್ಲ; ಶಾಲಾ ಮಕ್ಕಳಲ್ಲಿ ಶೇಕಡಾ 10ಕ್ಕೂ ಮಿಕ್ಕಿ ಇರಬಹುದು; ಇದು ಅಳಿಸಲಾಗದ ಊನವಲ್ಲ, ತಕ್ಕ ಬೋಧನೆಯಿಂದ ಪರಿಹಾರವಾಗಬಲ್ಲುದು.

ಮುಂದೆ ರಾಕ್‌ಫೆಲರ್ ಪ್ರತಿಷ್ಠಾನದ ಉದಾರ ಧನಸಹಾಯದಿಂದ ಈ ಕಾರ್ಯ ವಿಸ್ತಾರಗೊಂಡಿತು. ಮರಿಯನ್ ಮನ್ರೋ ಮೊದಲಾದ ಸಂಶೋಧಕರು ಅವರ ಜೊತೆಗೂಡಿದರು. ಆರ್ಟನ್ನರು ಸೂಚಿಸಿದ ಬೋಧನಾಕ್ರಮ ಸರಳವಾದುದು, ಆದರೆ ತಾಳ್ಮೆಯನ್ನು ಬೇಡುವಂಥದು. ಅಕ್ಷರವನ್ನು ಕಣ್ಣು ನೋಡಬೇಕು, ಅದರ ಧ್ವನಿಯನ್ನು ಬಾಯಿ ನುಡಿಯಬೇಕು, ಕಿವಿ ಕೇಳಬೇಕು, ಅದೇ ಕ್ಷಣದಲ್ಲಿ ಕೈ ಅದರ ಆಕಾರವನ್ನು ತಿದ್ದಬೇಕು. ಒಂದೊಂದು ಧ್ವನಿ ಗಟ್ಟಿಯಾದ ಮೇಲೆಯೇ ಮುಂದಿನದು. ಧ್ವನಿಗಳನ್ನು ಕೂಡಿಸಿ ಪದ, ಪದಗಳಿಂದ ವಾಕ್ಯ. ಮರಳಿನ ಮೇಲೆ ಬೆರಳಾಡಿಸುತ್ತ, ಬಾಯಲ್ಲಿ ಹೇಳುತ್ತ ಅಕ್ಷರ ತಿದ್ದಿದ ನಮ್ಮ ಹಳೆಯ ಗಾಂವಠಿ ಶಾಲೆಗಳ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಇಡಿಯ ಪದವನ್ನು ಚಿತ್ರದಂತೆ ನೋಡಿ ನೆನಪಿಡಿಸುವ ಪದ್ಧತಿ ಆಗ ಅಮೆರಿಕದ ಶಾಲೆಗಳಲ್ಲಿ ಜನಪ್ರಿಯವಾಗಿತ್ತು. ಆ ಪದ್ಧತಿಯೇ ಹಲವು ಮಕ್ಕಳ ಓದಿಗೆ ಅಡ್ಡಿಯಾಗುತ್ತಿದೆಯೆಂದು 1929ರ ಲೇಖನವೊಂದರಲ್ಲಿ ಆರ್ಟನ್ನರು ಎಚ್ಚರಿಸಿದರು. ದೋಷ ಮಗುವಿನದಷ್ಟೇ ಅಲ್ಲ, ಬೋಧನೆಯದೂ ಆಗಿರಬಹುದೆಂದು ನುಡಿಯಲು ಧೈರ್ಯ ಬೇಕಾಗಿತ್ತು.

ಓದಲಾರದ ಬಾಲಕರು ಬೆಳೆದು ತರುಣರಾದಾಗ ತೊಂದರೆ ಇಮ್ಮಡಿಯಾಗುತ್ತದೆ. ಆರರ ಮಗುವಿನ ತಪ್ಪು ಓದಿಗೆ ಮನೆಯವರು ನಗುತ್ತಾರೆ. ಹದಿನಾರರ ಹುಡುಗನ ತಪ್ಪು ಓದಿಗೆ ತರಗತಿಯೇ ನಗುತ್ತದೆ. ಆಗ ಅವನು ಮೌನಿಯಾಗುತ್ತಾನೆ, ಇಲ್ಲವೆ ಉದ್ಧಟನಾಗುತ್ತಾನೆ, ಕೊನೆಗೆ ಶಾಲೆಯನ್ನೇ ಬಿಡುತ್ತಾನೆ. ಇಂಥ ನಡತೆಯೇ ಓದಿನ ಸೋಲಿಗೆ ಕಾರಣವೆಂದು ಹಲವರು ಭಾವಿಸಿದ್ದ ಕಾಲದಲ್ಲಿ, ಅದು ಬಹುಮಟ್ಟಿಗೆ ಆ ಸೋಲಿನ ಫಲವೆಂದು ಆರ್ಟನ್ನರು ತೋರಿಸಿದರು.

1927ರಲ್ಲಿ ಅಯೋವಾವನ್ನು ಬಿಟ್ಟ ಆರ್ಟನ್ನರು 1928-29ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಅಧ್ಯಕ್ಷಪದವಿಯನ್ನು ಅಲಂಕರಿಸಿದರು. ಬಳಿಕ ನ್ಯೂಯಾರ್ಕಿನಲ್ಲಿ ಪ್ರಾಧ್ಯಾಪಕರಾಗಿ, ಅಲ್ಲಿನ ನರರೋಗ ಸಂಸ್ಥೆಯಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. ಅಲ್ಲಿಯೇ ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಅನುಭವಿ ಶಿಕ್ಷಕಿ ಅವರೊಡನೆ ಕೈಜೋಡಿಸಿದರು. ವೈದ್ಯರ ವಿಚಾರವನ್ನು ನಿತ್ಯದ ಪಾಠವಾಗಿಸಿದ ಶ್ರೇಯಸ್ಸು ಈ ಶಿಕ್ಷಕಿಗೂ ಅವರ ಸಹೋದ್ಯೋಗಿ ಬೆಸ್ಸಿ ಸ್ಟಿಲ್‌ಮನ್ ಅವರಿಗೂ ಸಲ್ಲತಕ್ಕದ್ದು. ಅವರು ಸಿದ್ಧಪಡಿಸಿದ ಬೋಧನಾ ಕೈಪಿಡಿಯಿಂದಾಗಿ ಈ ಕ್ರಮಕ್ಕೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿಯೆಂಬ ಹೆಸರು ನಿಂತಿತು. 1937ರಲ್ಲಿ ಮಕ್ಕಳ ಓದು, ಬರಹ ಮತ್ತು ಮಾತಿನ ತೊಂದರೆಗಳನ್ನು ಕುರಿತ ಆರ್ಟನ್ನರ ಗ್ರಂಥ ಹೊರಬಂದಿತು. 1948ರ ನವೆಂಬರ್ 17ರಂದು ಅವರು ಇಹಲೋಕವನ್ನು ತ್ಯಜಿಸಿದರು. ಮರುವರ್ಷವೇ ಅವರ ಪತ್ನಿ ಜೂನ್ ಆರ್ಟನ್ ಮತ್ತು ಸಹೋದ್ಯೋಗಿಗಳು ಅವರ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿದರು. ಅಂತರರಾಷ್ಟ್ರೀಯ ಡಿಸ್ಲೆಕ್ಸಿಯಾ ಸಂಘವೆಂಬ ಹೆಸರಿನಿಂದ ಅದು ಇಂದಿಗೂ ಕಾರ್ಯನಿರತವಾಗಿದೆ.

ಆರ್ಟನ್ನರು ಹೇಳಿದುದೆಲ್ಲವೂ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. ಮಿದುಳಿನ ಎಡ ಬಲ ಭಾಗಗಳಲ್ಲಿ ಒಂದು ಪ್ರಾಬಲ್ಯ ಪಡೆಯಲು ತಡವಾಗುವುದೇ ತೊಂದರೆಯ ಮೂಲವೆಂಬ ಅವರ ಸಿದ್ಧಾಂತವನ್ನು ನಂತರದ ಸಂಶೋಧನೆ ಅದೇ ರೂಪದಲ್ಲಿ ಒಪ್ಪಲಿಲ್ಲ. ತೊಡಕಿರುವುದು ಅಕ್ಷರ ತಿರುಗಿ ಕಾಣುವುದರಲ್ಲಿ ಅಲ್ಲ, ನುಡಿಯ ಧ್ವನಿಗಳನ್ನು ಬಿಡಿಸಿ ಗುರುತಿಸುವುದರಲ್ಲಿ ಎಂಬ ಅಭಿಪ್ರಾಯ 1970ರ ದಶಕದಿಂದ ಬಲಗೊಂಡಿತು. ಅಕ್ಷರಗಳನ್ನು ತಿರುಗಿಸಿ ಬರೆಯುವುದು ಎಳೆಯ ಮಕ್ಕಳೆಲ್ಲರಲ್ಲಿಯೂ ಕಾಣುವ ಸಂಗತಿ. ಆದರೆ ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮಬದ್ಧವಾಗಿ, ನೇರವಾಗಿ ಕಲಿಸಬೇಕೆಂಬ ಅವರ ಸಲಹೆ ಬಾಳಿತು. ಕಾರಣವನ್ನು ತಪ್ಪಾಗಿ ಊಹಿಸಿದರೂ ಮಗುವನ್ನು ಸರಿಯಾಗಿ ಕಂಡವರು ಅವರು.

ಹದಿನಾರು ವರ್ಷವೆಂದರೆ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಆಸುಪಾಸಿನ ವಯಸ್ಸು. ಪ, ಷ, ಫ ಅಕ್ಷರಗಳಲ್ಲಿ ತಡವರಿಸುವ, ಒತ್ತಕ್ಷರ ಕಂಡರೆ ಬೆವರುವ, ಆದರೆ ಕೆಟ್ಟ ಪಂಪ್‌ಸೆಟ್ಟನ್ನು ಕ್ಷಣದಲ್ಲಿ ಸರಿಪಡಿಸುವ ಹುಡುಗರು ಕನ್ನಡದ ಶಾಲೆಗಳಿಗೂ ಹೊಸಬರಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಮುಂತಾದ ಸೌಲಭ್ಯಗಳೂ ದೊರೆಯುತ್ತವೆ. ಆದರೆ ಹುಡುಗನ ತೊಂದರೆಯನ್ನು ಮೊದಲು ಗುರುತಿಸಬೇಕಾದವರು ಕಾಯಿದೆಯಲ್ಲ, ತರಗತಿಯ ಗುರುಗಳು. ನಿತ್ಯ ಅರ್ಧ ತಾಸಿನ ಪ್ರತ್ಯೇಕ ಪಾಠ, ಅದಕ್ಕೆಂದು ತರಬೇತಿ ಪಡೆದ ಒಬ್ಬ ಶಿಕ್ಷಕ, ನಗುವವರಿಲ್ಲದ ಒಂದು ಕೋಣೆ: ದಾನಿಗಳ ಔದಾರ್ಯಕ್ಕೆ ಇದು ದೊಡ್ಡ ಭಾರವಲ್ಲ.

ಪ್ರತಿ ಶಾಲೆಯ ದಾಖಲೆಯಲ್ಲಿ ಉತ್ತೀರ್ಣರಾದವರ ಹೆಸರುಗಳು ಇರುತ್ತವೆ. ನಡುವೆಯೇ ಕೈಚೀಲ ಕೆಳಗಿಟ್ಟು ಹೊರಟುಹೋದವರ ಹೆಸರುಗಳೂ ಹಾಜರಿ ಪುಸ್ತಕಗಳಲ್ಲಿ ಉಳಿದಿರುತ್ತವೆ. ಅವರಲ್ಲಿ ಎಷ್ಟು ಮಂದಿ ನಿಜವಾಗಿ ದಡ್ಡರಾಗಿದ್ದರು ಎಂಬ ಪ್ರಶ್ನೆಯನ್ನು ಆರ್ಟನ್ನರ ಬದುಕು ವಿದ್ಯಾಸಂಸ್ಥೆಗಳ ಮುಂದಿಡುತ್ತದೆ. ಕಲ್ಯಾಣದ ಶರಣರು ಕುಲದಿಂದ ಮನುಷ್ಯನನ್ನು ಅಳೆಯಲೊಪ್ಪಲಿಲ್ಲ. ಅಂಕಗಳಿಂದ ಮಗುವನ್ನು ಅಳೆಯಲೊಪ್ಪದ ಗುರುವೂ ಅದೇ ಹಾದಿಯ ಪಥಿಕನೇ ಸರಿ.